ಜೀವವೈವಿಧ್ಯದ ಕಾಲಂನಾಗ ‘ಅನ್ವಯಿಸುವುದಿಲ್ಲ’ ಅಂತ ಬರೀಲೇನ್ರಿ?

ಪ್ರಶ್ನೆ: ಘಟಪ್ರಭಾ ದಂಡಿ, ಮುಧೋಳ ತಾಲ್ಲೂಕು

ಎಲ್ಲಾರಿಗೂ ನಮಸ್ಕಾರ್ರಿ. ನಾನು ಮುಧೋಳ ತಾಲ್ಲೂಕಿನ ಒಂದು ಸಕ್ಕರಿ ಕಾರ್ಖಾನ್ಯಾಗ ಲ್ಯಾಬ್ ಕೆಮಿಸ್ಟ್. ಒಂಬತ್ತು ಹಂಗಾಮು ಮುಗಿಸೀನಿ. ಕಬ್ಬಿನ ರಸದಾಗ ಕರಗಿದ ಅಂಶ, ಸಕ್ಕರಿ ಎಷ್ಟೈತಿ ಅಂತ (ಬ್ರಿಕ್ಸ್, ಪೋಲ್) ನೋಡೋದು ನನ್ನ ಮೂಲ ಕೆಲಸ. ಮೂರು ವರ್ಷದಿಂದ ಪರಿಸರ ವಿಭಾಗದ ಕಾಗದಪತ್ರಾನೂ ನನ್ನ ಟೇಬಲ್ಲಿಗೇ ಬರ್ತಾವ. ಇಟಿಪಿ (ಹೊಲಸು ನೀರು ಶುದ್ಧ ಮಾಡೋ ಘಟಕ) ನೀರಿನ ಬಿಒಡಿ (ಹೊಲಸಿನ ಅಳತಿ) ಬರೆಯೋದು, ಜೂನ್ 1ಕ್ಕ ಮತ್ತ ಡಿಸೆಂಬರ್ 1ಕ್ಕ ಪರಿಸರ ಅನುಮತಿಯ ಷರತ್ತು ಪಾಲನಾ ವರದಿ, ಸೆಪ್ಟೆಂಬರ್ 30ರೊಳಗ ಮಾಲಿನ್ಯ ನಿಯಂತ್ರಣ ಮಂಡಳಿಗೆ ಫಾರ್ಮ್ 5 (ವರ್ಷದ ಪರಿಸರ ವರದಿ). ಇವೆಲ್ಲಾ ಈಗ ಕೈಗೆ ಕುಂತಾವ.

ಈ ಸಲ ಹೊಸಾದೊಂದು ಬಂದೈತಿ. ನಮ್ಮ ಸಕ್ಕರಿ ತಗೊಳ್ಳೋ ಬಿಸ್ಕೀಟ್ ಕಂಪನಿಯವರು ಮಾಲು ಕೊಡೋ ಎಲ್ಲಾರಿಗೂ ಒಂದು ಎಕ್ಸೆಲ್ ಶೀಟ್ ಕಳಿಸ್ಯಾರ. ವಿದ್ಯುತ್ತು, ನೀರು, ಕೆಲಸಗಾರರು ಎಲ್ಲಾ ತುಂಬಿದ್ನಿ. ಕಡೀ ಹಾಳಿ ಜೀವವೈವಿಧ್ಯದ್ದು. ನಿಮ್ಮ ಘಟಕ ಪರಿಸರಸೂಕ್ಷ್ಮ ಜಾಗದ ಹತ್ತಿರ ಐತೇನು, ಕಚ್ಚಾಮಾಲು ಎಲ್ಲಿಂದ ಬರ್ತೈತಿ, ಜೀವಿಗಳ ಮ್ಯಾಲೆ ನಿಮ್ಮ ಕೆಲಸದ ಮುಖ್ಯ ಪರಿಣಾಮ ಏನು, ಅದನ್ನ ಕಡಿಮಿ ಮಾಡಾಕ ಏನು ಮಾಡೀರಿ. ನಾಲ್ಕೇ ಪ್ರಶ್ನೆ.

ನಮ್ಮ ಸಾಹೇಬ್ರು ನೋಡಿ, “ನಮ್ಮಲ್ಲಿ ಕಾಡಿಲ್ಲ, ಹುಲಿ ಇಲ್ಲ. ಅನ್ವಯಿಸುವುದಿಲ್ಲ ಅಂತ ಹಾಕವಾ, ಕೆಳಗ ಈ ವರ್ಷ ನಾಲ್ಕು ಸಾವಿರ ಗಿಡ ಹಚ್ಚೀವಿ ಅಂತ ಬರಿ” ಅಂದ್ರು. ಅವರು ಕೆಟ್ಟ ಮನುಷ್ಯಾ ಅಲ್ರಿ. ಹಂಗಾಮಿನ್ಯಾಗ ರಾತ್ರಿ ಮೂರು ತಾಸು ನಿದ್ದಿ ಮಾಡಿದ್ರ ಭಾಳಾತು. ಅವರಿಗೆ ಇದು ಇನ್ನೊಂದು ಫಾರ್ಮ್ ಅಷ್ಟ.

ಆದ್ರ ನನಗ ಟೈಪ್ ಮಾಡಾಕ ಕೈ ಬರ್ಲಿಲ್ಲ.

ಹೋದ ಜನವರಿ ತಿಂಗಳಾಗ ಕಬ್ಬು ಕಡಿಯೋ ಗ್ಯಾಂಗಿನವರು ಗೋಣಿಚೀಲದಾಗ ಮೂರು ಮರಿ ತಂದು ಕೇನ್ ಆಫೀಸಿನ ಮುಂದ ಇಟ್ರು. ಚಿರತಿ ಮರಿ ಅಂತ ಹೆದರಿ ಮಂದಿ ಕೂಡಿತು. ಅರಣ್ಯ ಇಲಾಖೆಯವರು ಬಂದು ನೋಡಿದ್ರ ಕಾಡಬೆಕ್ಕಿನ ಮರಿ. ಅವತ್ತ ಸಂಜೀಕ ಅದ ಹೊಲದ ಬದುವಿಗೆ ಒಯ್ದು ಬುಟ್ಟ್ಯಾಗ ಇಟ್ಟು ದೂರ ನಿಂತ್ವಿ. ಕತ್ತಲಾದಮ್ಯಾಲೆ ತಾಯಿ ಬಂತು, ಒಂದೊಂದ ಕಚ್ಚಿಕೊಂಡು ಹೋತು. ಮೂರನೇದು ಒಯ್ಯಾಕ ಭಾಳ ಹೊತ್ತು ಬರ್ಲಿಲ್ಲ. ಆ ಹೊತ್ತಿನ್ಯಾಗ ನನಗ ಅನಿಸಿದ್ದು, ಈ ಬೆಕ್ಕಿನ ಮನಿ ನಮ್ಮ ಕಬ್ಬು. ನಾವು ಕಡಿಯೋ ದಿನ ಅದರ ಮನಿ ಬೀಳೋ ದಿನ.

ಎರಡನೇದು. ನಮ್ಮ ಕಾರ್ಖಾನಿ ವಿಸ್ತರಣೆಗೆ ಪರಿಸರ ಅನುಮತಿ ತಗೊಂಡಾಗಿನ ಇಐಎ (ಪರಿಸರದ ಮ್ಯಾಲಿನ ಪರಿಣಾಮದ ಅಂದಾಜು) ವರದಿ ಕಪಾಟಿನಿಂದ ತಗದು ಓದಿದ್ನಿ. ಚಿಮಣಿ ನಡುವಿಟ್ಟು 10 ಕಿಲೋಮೀಟರ್ ಸುತ್ತ ಒಂದು ವೃತ್ತ ಹಾಕ್ಯಾರ. ಒಂದೇ ಹಂಗಾಮಿನ್ಯಾಗ ಮಾಡಿದ ಅಧ್ಯಯನ. ‘ಅಭಯಾರಣ್ಯ ಇಲ್ಲ’ ಅಂತ ಬರದಾರ. ಅದು ಸುಳ್ಳಲ್ಲ. ಆದ್ರ ಮೊಬೈಲಿನ ನಕಾಶೆ ಮ್ಯಾಲೆ ಅಳದ್ರ ಯಡಹಳ್ಳಿ ಚಿಂಕಾರ (ಬಯಲಿನ ಸಣ್ಣ ಹುಲ್ಲೆ) ಅಭಯಾರಣ್ಯದ ಅಂಚು ನಮ್ಮ ಚಿಮಣಿಯಿಂದ 11 ಕಿಲೋಮೀಟರ್. ವೃತ್ತ ಅದರ ಬಾಗಲತನಕ ಹೋಗಿ ನಿಂತೈತಿ. ನಮ್ಮ ಕಬ್ಬು ಮಾತ್ರ ಆ ಅಂಚಿನ ಹಳ್ಳಿಗಳಿಂದಾನೂ ಬರ್ತೈತಿ.

ನನ್ನ ಪ್ರಶ್ನೆ ಇಷ್ಟ್ರಿ. ಈ ಹಾಳ್ಯಾಗ ನಾ ಏನು ಬರೀಬೇಕು? ತಜ್ಞರನ್ನ ಕರಸಾಕ ನಮಗ ಬಜೆಟ್ ಇಲ್ಲ. ರೈತರ ಹೊಲದ ವಿಷಯ ಕಾರ್ಖಾನಿ ವರದಿಯೊಳಗ ಬರೆಯೋದು ನ್ಯಾಯ ಏನು? ಇಂಥಾ ಫಾರ್ಮ್ ತುಂಬಿದವರು, ತಿಳಿದವರು ಯಾರರ ಇದ್ರ ದಯವಿಟ್ಟು ಹೇಳ್ರಿ. ಇನ್ನ ಹನ್ನೆರಡು ದಿನ ಐತಿ.

ಉತ್ತರ 1: ಕಂಪನಿ ಸೆಕ್ರೆಟರಿ, ಟಿಳಕವಾಡಿ, ಬೆಳಗಾವಿ

ಮೇಡಂ, ಈ ಹಾಳೆ ನಿಮ್ಮ ಟೇಬಲ್ಲಿಗೆ ಯಾಕೆ ಬಂತು ಎಂಬುದನ್ನು ಮೊದಲು ಹೇಳುತ್ತೇನೆ. ಅದು ತಿಳಿದರೆ ಏನು ಬರೆಯಬೇಕೆಂಬುದು ಅರ್ಧ ತಿಳಿದಂತೆ.

ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2021ರ ಮೇ ತಿಂಗಳಲ್ಲಿ ಬಿಆರ್‌ಎಸ್‌ಆರ್ (ಕಂಪನಿಯ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ) ಎಂಬ ನಮೂನೆ ತಂದಿತು. ಷೇರುಪೇಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನದಲ್ಲಿರುವ ಕಂಪನಿಗಳಿಗೆ 2022-23ರಿಂದ ಅದು ಕಡ್ಡಾಯ. ನಿಮ್ಮ ಬಿಸ್ಕೀಟ್ ಕಂಪನಿ ಆ ಸಾಲಿನಲ್ಲಿ ಇರಬೇಕು. ಅದರಲ್ಲಿ ಒಂಬತ್ತು ತತ್ವಗಳಿವೆ, ಆರನೆಯದು ಪರಿಸರ. ಅಲ್ಲಿ ಒಂದು ಕಡ್ಡಾಯ ಪ್ರಶ್ನೆ: ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಜೌಗುಭೂಮಿ, ಕಾಡು ಮುಂತಾದ ಸೂಕ್ಷ್ಮ ಜಾಗಗಳಲ್ಲಿ ಅಥವಾ ಅವುಗಳ ಆಸುಪಾಸಿನಲ್ಲಿ ಪರಿಸರ ಅನುಮತಿ ಬೇಕಾಗುವಂಥ ನಿಮ್ಮ ಕೆಲಸ ಇದೆಯೇ? ಮುಂದೆ ಒಂದು ಐಚ್ಛಿಕ ಪ್ರಶ್ನೆ: ಹಾಗೆ ಹೇಳಿದ ಜಾಗಗಳಲ್ಲಿ ಜೀವವೈವಿಧ್ಯದ ಮೇಲೆ ನೇರವಾಗಿ, ಪರೋಕ್ಷವಾಗಿ ಆದ ಪರಿಣಾಮವೇನು, ತಡೆಯಲು, ಸರಿಪಡಿಸಲು ಏನು ಮಾಡಿದಿರಿ?

ಮೊದಲನೆಯದಕ್ಕೆ ‘ಇಲ್ಲ’ ಎಂದ ಕೂಡಲೇ ಎರಡನೆಯದು ತಾನೇ ಬಿದ್ದುಹೋಗುತ್ತದೆ, ಗಮನಿಸಿ. ‘ಅನ್ವಯಿಸುವುದಿಲ್ಲ’ ಎಂಬ ಪದ ಅಷ್ಟು ಜನಪ್ರಿಯವಾಗಿರುವುದು ಇದರಿಂದಲೇ. 2023ರಲ್ಲಿ ಬಂದ ಬಿಆರ್‌ಎಸ್‌ಆರ್ ಕೋರ್‌ನಲ್ಲಿ (ಅದರ ಆಯ್ದ ಮುಖ್ಯ ಭಾಗ) ಹೊರಗಿನವರು ಪರಿಶೀಲಿಸಿ ದೃಢಪಡಿಸಬೇಕಾದ ಒಂಬತ್ತು ವಿಷಯಗಳಿವೆ. ನೀರು, ಇಂಧನ, ಇಂಗಾಲ, ತ್ಯಾಜ್ಯ ಎಲ್ಲ ಇದೆ, ಜೀವವೈವಿಧ್ಯ ಇಲ್ಲ. ನನ್ನ ಮಟ್ಟಿಗೆ ಇದು ದೊಡ್ಡ ಕೊರತೆ.

ಆದರೆ ನಿಮ್ಮ ಹಾಳೆಯಲ್ಲಿ ‘ಕಚ್ಚಾಮಾಲು ಎಲ್ಲಿಂದ’ ಎಂಬ ಪ್ರಶ್ನೆ ಇದೆಯಲ್ಲ, ಅದು ಸೆಬಿ ನಮೂನೆಯದಲ್ಲ. ಜಿಆರ್‌ಐ ಎಂಬ, ಸುಸ್ಥಿರತಾ ವರದಿಗಳಿಗೆ ಜಾಗತಿಕ ಮಾನದಂಡ ರೂಪಿಸುವ ಸಂಸ್ಥೆ 2024ರ ಜನವರಿಯಲ್ಲಿ ‘ಜಿಆರ್‌ಐ 101’ ಎಂಬ ಹೊಸ ಜೀವವೈವಿಧ್ಯ ಮಾನದಂಡ ಹೊರತಂದಿದೆ. 2016ರ ಹಳೆಯದರ ಜಾಗಕ್ಕೆ ಬಂದ ಇದು 2026ರ ಜನವರಿಯಿಂದ ಜಾರಿ. ಕಂಪನಿಯ ಗೇಟಿನೊಳಗಿನದಷ್ಟೇ ಅಲ್ಲ, ಮಾಲು ಬರುವ ದಾರಿಯಲ್ಲಿನ ಪರಿಣಾಮವನ್ನೂ ಅದು ಕೇಳುತ್ತದೆ. ಜಾಗದ ಹೆಸರು, ಹೆಕ್ಟೇರು, ಸೂಕ್ಷ್ಮ ಪ್ರದೇಶದಿಂದ ದೂರ ಎಲ್ಲ ಬೇಕು. 2023ರ ಸೆಪ್ಟೆಂಬರಿನಲ್ಲಿ ಬಂದ ಟಿಎನ್‌ಎಫ್‌ಡಿ (ಕಂಪನಿಗಳು ನಿಸರ್ಗ ಸಂಬಂಧಿ ಅಪಾಯ ಬಹಿರಂಗಪಡಿಸುವ ಬಗೆಗಿನ ಜಾಗತಿಕ ಕಾರ್ಯಪಡೆ) ಶಿಫಾರಸುಗಳೂ ಹಾಗೆಯೇ: ಮೊದಲು ಜಾಗ ಗುರುತಿಸು, ಅಲ್ಲಿನ ನಿಸರ್ಗದ ಮೇಲೆ ನಿನ್ನ ಅವಲಂಬನೆ, ಪರಿಣಾಮ ನೋಡು, ಅದರಿಂದ ನಿನಗಿರುವ ಅಪಾಯ ಅಳೆ, ಆಮೇಲೆ ಬರೆ. ಇವೆಲ್ಲದರ ಹಿಂದೆ 2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ಜೀವವೈವಿಧ್ಯ ಉಳಿಸಲು ದೇಶಗಳು ಒಪ್ಪಿದ 23 ಗುರಿಗಳಿವೆ. ಅವುಗಳಲ್ಲಿ 15ನೆಯದು ದೊಡ್ಡ ಕಂಪನಿಗಳು ಇದನ್ನು ಅಳೆದು ಬಹಿರಂಗಪಡಿಸುವಂತೆ ಸರ್ಕಾರಗಳು ನೋಡಿಕೊಳ್ಳಬೇಕು ಎನ್ನುತ್ತದೆ.

ಷೇರುಪೇಟೆಯಲ್ಲಿಲ್ಲದ ನಿಮ್ಮ ಕಾರ್ಖಾನೆಗೆ ಇದಾವುದೂ ನೇರ ಕಾನೂನಲ್ಲ. ಆದರೂ ಒಂದು ಮಾತು. ‘ಅನ್ವಯಿಸುವುದಿಲ್ಲ’ ಎಂದರೆ ‘ನೋಡಿದ್ದೇವೆ, ಏನೂ ಇಲ್ಲ’ ಎಂದರ್ಥ. ನೋಡಿರದಿದ್ದರೆ ‘ಇನ್ನೂ ಪರಿಶೀಲಿಸಿಲ್ಲ’ ಎಂದು ಬರೆಯಬೇಕು. ನೀವಂತೂ ನೋಡಿದ್ದೀರಿ, 11 ಕಿಲೋಮೀಟರ್ ಎಂದು ಅಳೆದೂ ಇದ್ದೀರಿ. ಕೆಳಗೆ ಸಹಿ ಯಾರದು ಎಂಬುದನ್ನು ನಿಮ್ಮ ಸಾಹೇಬರಿಗೆ ವಿನಯದಿಂದ ನೆನಪಿಸಿ.

ಉತ್ತರ 2: ಒಣದ್ರಾಕ್ಷಿ, ತಿಕೋಟಾ

ನಮಗೂ ಇಂಥಾದ್ದು ಬಂದಿತ್ರಿ ಅಕ್ಕಾರ. ನಾಲ್ಕ ಸಾಲು ಬರದು ಕಳಿಸಿದ್ವಿ. ತಿರುಗಿ ಒಂದೇ ಪ್ರಶ್ನೆ ಬಂತು: ತೋಟ ಎಲ್ಲಿ? ಸರ್ವೆ ನಂಬರ್ ಬರದು, ನಕಾಶೆ ಮ್ಯಾಲೆ ಗುರುತು ಮಾಡಿ ಕಳಿಸಿದ್ವಿ, ಯಾವ ಔಷಧ ಯಾವಾಗ ಹೊಡಿತೀವಿ ಅಂತ ಪಟ್ಟಿ ಕೊಟ್ವಿ, ಒಪ್ಪಿದ್ರು. ಬದುವಿಗೆ ಎಷ್ಟು ಬೇವಿನ ಗಿಡ ಹಚ್ಚೀರಿ ಅಂತ ಯಾರೂ ಕೇಳ್ಲಿಲ್ಲ.

ಉತ್ತರ 3: ಹಿನ್ನೀರ ಹಕ್ಕಿ, ಬೀಳಗಿ

ತಂಗಿ, ನಾನು ಪ್ರಾಥಮಿಕ ಶಾಲೆಯ ಮಾಸ್ತರ. ಇಪ್ಪತ್ತು ವರ್ಷದಿಂದ ರಜೆ ದಿನ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ತಿರುಗುವವನು. ನಿನ್ನ ಕಾಡಬೆಕ್ಕಿನ ಮಾತು ಓದಿ ರಾತ್ರಿಯೇ ಬರೆಯಲು ಕುಳಿತೆ.

ನಿಮ್ಮ ಸಾಹೇಬರು ‘ಕಾಡಿಲ್ಲ’ ಅಂದದ್ದರಲ್ಲೇ ನಮ್ಮ ಸೀಮೆಯ ಎಲ್ಲಾ ಸಮಸ್ಯೆ ಇದೆ. ನಮ್ಮ ಕಡೆ ಜೀವಿಗಳು ಇರುವುದು ದಟ್ಟ ಕಾಡಿನಲ್ಲಿ ಅಲ್ಲ. ಬಯಲಿನಲ್ಲಿ, ಕುರುಚಲಿನಲ್ಲಿ, ಕಲ್ಲುಗುಡ್ಡದಲ್ಲಿ, ಹಿನ್ನೀರಿನ ಕೆಸರಿನಲ್ಲಿ. ಯಡಹಳ್ಳಿಯನ್ನು 2016ರಲ್ಲಿ ಅಭಯಾರಣ್ಯ ಮಾಡಿದರು. ಬೀಳಗಿ, ಮುಧೋಳ ತಾಲ್ಲೂಕು ಸೇರಿ ಸುಮಾರು 96 ಚದರ ಕಿಲೋಮೀಟರ್. ಚಿಂಕಾರಕ್ಕೆ ನೆರಳಿನ ಕಾಡು ಬೇಡ. ಅದು ಎಲೆ, ಕಾಯಿ, ಮಂಜಿನ ಹನಿಯಿಂದಲೇ ನೀರು ಪಡೆದು ದಿನಗಟ್ಟಲೆ ಇರಬಲ್ಲ ಪ್ರಾಣಿ. ದೂರದ ತನಕ ಕಾಣುವ ಬಯಲು ಅದಕ್ಕೆ ಬೇಕು, ವೈರಿಯನ್ನು ಕಣ್ಣಿನಿಂದ ಕಂಡು ಓಡುವಂಥದ್ದು ಅದು. ತೋಳ, ಕತ್ತೆಕಿರುಬ, ನರಿ ಕೂಡ ಅದೇ ಬಯಲಿನವು. ಅಂಥ ಜಾಗದಲ್ಲಿ ಒತ್ತಾಗಿ ಗಿಡ ಹಚ್ಚಿದರೆ ಅದು ಉಪಕಾರ ಅಲ್ಲ, ಅವುಗಳ ಮನೆ ಕಿತ್ತ ಹಾಗೆ. ಆದ್ದರಿಂದ ಆ ‘ನಾಲ್ಕು ಸಾವಿರ ಗಿಡ’ದ ಸಾಲನ್ನು ಜೀವವೈವಿಧ್ಯದ ಉತ್ತರ ಅಂತ ಬರೆಯಬೇಡ. ಕಂಪೌಂಡಿನೊಳಗೆ ಧೂಳು ತಡೆಯಲು ಹಚ್ಚಿದ್ದು ಅಂದರೆ ಹಾಗೇ ಬರಿ, ಅದೂ ಒಳ್ಳೆಯದೇ. ಎಷ್ಟು ಉಳಿದವು, ಯಾವ ಜಾತಿ ಅಂತಲೂ ಬರಿ.

ಇನ್ನು ನದಿ. ಘಟಪ್ರಭೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ, ಈಗ ಅದೆಲ್ಲ ಆಲಮಟ್ಟಿಯ ಹಿನ್ನೀರು. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಬಂದು ಇಲ್ಲಿ ಇಳಿಯುತ್ತವೆ. ನೀರು ಸರಿದು ಕೆಸರು ತೆರೆದುಕೊಂಡಾಗ ರಾಜಹಂಸ ಬರುತ್ತವೆ. ನಡುಗಡ್ಡೆಗಳ ಬರೀ ನೆಲದ ಮೇಲೆ ರೀವ ಹಕ್ಕಿ ಮೊಟ್ಟೆ ಇಡುತ್ತವೆ. ಇವು ಬರುವ ತಿಂಗಳು, ನಿಮ್ಮ ಕಾರ್ಖಾನೆ ನುರಿಸುವ ತಿಂಗಳು ಎರಡೂ ಒಂದೇ, ಇದನ್ನು ಲಕ್ಷ್ಯದಲ್ಲಿಡು. ನದಿ ಸಣ್ಣದಾದಾಗಲೇ ನಿಮ್ಮ ನೀರೆತ್ತುವ ಪಂಪು ಹೆಚ್ಚು ನಡೆಯುತ್ತದೆ. ಮೇಲೆ ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ ಘಟಪ್ರಭಾ ಪಕ್ಷಿಧಾಮ 1974ರಿಂದ ಇದೆ. ಒಂದೇ ನದಿಯ ಮೇಲ್ಭಾಗ, ಕೆಳಭಾಗ ಎರಡೂ ಕಡೆ ಹಕ್ಕಿಗಳ ಜಾಗ, ನಡುವೆ ನೀವು.

ಲೆಕ್ಕಕ್ಕೆ ಕೋಟಿ ಬೇಡ. ಜಾಕ್‌ವೆಲ್ (ನದಿ ನೀರೆತ್ತುವ ಬಾವಿ) ಹತ್ತಿರ ಒಂದು ಜಾಗ, ಇಟಿಪಿ ಕೆರೆಯ ಹತ್ತಿರ ಒಂದು, ಅಭಯಾರಣ್ಯದ ಅಂಚಿನ ಕಬ್ಬಿನ ಹೊಲದಲ್ಲಿ ಒಂದು. ತಿಂಗಳಿಗೊಮ್ಮೆ, ಅದೇ ಜಾಗ, ಅದೇ ಹೊತ್ತು, ಅರ್ಧ ತಾಸು. ಕಂಡದ್ದನ್ನು ಇ-ಬರ್ಡ್‌ಗೆ (ಹಕ್ಕಿ ದಾಖಲಿಸುವ ಜಾಲತಾಣ) ಹಾಕು, ಅದಕ್ಕೆ ದುಡ್ಡಿಲ್ಲ. ಇಐಎ ಪಟ್ಟಿಯಿಂದ ನಕಲು ಹೊಡೆದು ನೂರು ಹೆಸರು ತುಂಬುವುದಕ್ಕಿಂತ ನೀನೇ ಎಣಿಸಿದ ಹನ್ನೆರಡು ಹಕ್ಕಿ ಮೇಲು. ಒಂದು ವರ್ಷದ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಮೂರನೇ ವರ್ಷಕ್ಕೆ ಅದು ಮಾತಾಡಲು ಸುರು ಮಾಡುತ್ತದೆ.

ಮತ್ತೊಂದು. ಪ್ರತಿ ಗ್ರಾಮ ಪಂಚಾಯ್ತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಇದು 2002ರ ಕಾನೂನು. ಪಿಡಿಒ ಅವರನ್ನು ಕೇಳಿ ತೆಗೆಸು. ಕೆಲವು ಊರಲ್ಲಿ ಅದರಲ್ಲಿ ಹಿರಿಯರು ಹೇಳಿದ ಒಳ್ಳೆ ಮಾಹಿತಿ ಸಿಗುತ್ತದೆ.

ಉತ್ತರ 4: ಕುಳೆ ಕಬ್ಬು, ಜಮಖಂಡಿ

ಎಲ್ಲಾ ಓದಿದ್ನಿ. ನಾ ರೈತ, ಆರು ಎಕರೆ ಕಬ್ಬು. ಅಕ್ಕಾರ ಕೇಳ್ಯಾರ, ರೈತರ ಹೊಲದ ವಿಷಯ ಬರೀಬೇಕೋ ಬ್ಯಾಡೋ ಅಂತ. ಬರೀರಿ, ಆದ್ರ ಪೂರಾ ಬರೀರಿ. ‘ರೈತ ರವದಿ (ಕಬ್ಬಿನ ಒಣ ಎಲಿ) ಸುಡ್ತಾನ, ಅದಕ್ಕ ಹುಳ ಹುಪ್ಪಡಿ ಸಾಯ್ತಾವ’ ಅಂತ ಒಂದ ಸಾಲು ಬರದು ಕೈ ತೊಳಕೊಂಡ್ರ ನಾಳೆ ಬಿಸ್ಕೀಟ್ ಕಂಪನಿ ನಿಮಗ ಕೇಳ್ತೈತಿ, ನೀವು ನಮ್ಮ ಬಿಲ್ಲಿನ್ಯಾಗ ಹಿಡೀತೀರಿ.

ಯಾಕ ಸುಡ್ತೀವಿ ಕೇಳ್ರಿ. ಕಬ್ಬು ಕಡದ ಮ್ಯಾಲೆ ಮೊಣಕಾಲ ಮಟ ರವದಿ ಬಿದ್ದಿರ್ತೈತಿ. ನೀರು ಸಾಲಿನ್ಯಾಗ ಹರಿಯಂಗಿಲ್ಲ, ಕುಳೆ (ಮತ್ತ ಚಿಗಿಯೋ ಕಬ್ಬಿನ ಬುಡ) ಮ್ಯಾಲೆ ಬಿದ್ರ ಚಿಗುರು ಹಳದಿ ಆಗ್ತೈತಿ, ಬಾಜೂ ಹೊಲದವ ಸುಟ್ಟು ಆಗಲೇ ನೀರು ಬಿಟ್ಟಿರ್ತಾನ. ಕಡ್ಡಿ ಗೀರಿದ್ರ ಅರ್ಧ ತಾಸಿನ ಕೆಲಸ. ಆರಿಸಿ ಹಾಕಾಕ ಆಳು ಎಲ್ಲಿ ಅದಾರ?

ನಾಲ್ಕ ವರ್ಷಾತು ನಾ ಸುಡೋದು ಬಿಟ್ಟು. ಸಾಲು ಬಿಟ್ಟು ಸಾಲಿಗೆ ರವದಿ ಹಾಕಿ, ಖಾಲಿ ಸಾಲಿನ್ಯಾಗ ನೀರು ಬಿಡ್ತೀನಿ. ಬ್ಯಾಸಿಗ್ಯಾಗ ಎರಡು ನೀರು ಉಳೀತಾವ. ರವದಿ ಎತ್ತಿದ್ರ ಎರಿಹುಳ ಕಾಣಸ್ತಾವ. ಆದ್ರ ಮೊದಲನೇ ವರ್ಷ ಪುಡಿ ಮಾಡೋ ಮಷಿನ್ ಬಾಡಿಗಿ ಸಿಗಲಾರದ ಭಾಳ ಒದ್ದಾಡಿದ್ನಿ. ಕಾರ್ಖಾನಿಯವರು ಹತ್ತ ಮಷಿನ್ ತಂದು ಬಾಡಿಗಿ ಕೊಡ್ಲಿ, ಆಮ್ಯಾಲೆ ‘ಇಷ್ಟು ಎಕರೆ ಸುಡೋದು ನಿಂತೈತಿ’ ಅಂತ ಧೈರ್ಯದಿಂದ ಬರೀಲಿ.

ಇನ್ನೊಂದು ಸಾಲು ಸೇರಿಸ್ರಿ. ನಮ್ಮಪ್ಪನ ಕಾಲಕ್ಕ ಇದೇ ಎರಿ ಹೊಲದಾಗ ಬಿಳಿಜೋಳ, ಕಡ್ಲಿ. ಮುಂಜಾನೆ ಹೋದ್ರ ಕೌಜುಗ, ಲಾವಕ್ಕಿ ಕಾಲಾಗಿಂದ ಏಳ್ತಿದ್ವು. ಈಗ ಕಬ್ಬಿನ್ಯಾಗ ಅವು ಇಲ್ಲ. ಕೆಳಗಿನ ಎರಡ ಎಕರೆ ನೀರು ಹೆಚ್ಚಾಗಿ ಸವಳು-ಜವಳು ಆಗೇತಿ, ಉಪ್ಪು ಬೆಳ್ಳಗ ಮ್ಯಾಲೆ ಬಂದೈತಿ, ಅಲ್ಲಿ ಕಬ್ಬೂ ಇಲ್ಲ, ಹಕ್ಕೀನೂ ಇಲ್ಲ. ಇದೂ ನಿಮ್ಮ ಸಕ್ಕರಿ ಲೆಕ್ಕಾನ. ನಮ್ಮದೂ ಹೌದು.

ಘಟಪ್ರಭಾ ದಂಡಿ ಮತ್ತ ಬರದದ್ದು, ಎಂಟು ದಿನದ ಮ್ಯಾಲೆ

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಏನು ಮಾಡಿದ್ನಿ ಅಂತ ಹೇಳ್ತೀನಿ, ತಪ್ಪಿದ್ರ ತಿದ್ರಿ.

ಕಬ್ಬು ವಿಭಾಗದ ನೋಂದಣಿ ರಿಜಿಸ್ಟರ್ ತಗೊಂಡು ಫೀಲ್ಡ್‌ಮನ್‌ಗಳ ಜೊತಿ ಎರಡು ಸಂಜಿ ಕುಂತ್ನಿ. 62 ಹಳ್ಳಿ. ಅದರಾಗ ಏಳು ಯಡಹಳ್ಳಿ ಅಂಚಿಗೆ ಹೊಂದಿದ್ವು. ಹೋದ ಹಂಗಾಮಿನ್ಯಾಗ ಒಂಬತ್ತು ಲಕ್ಷ ಟನ್ ನುರಿಸೀವಿ. ಎಕರೆಗೆ 40 ಟನ್ ಹಿಡದ್ರೂ 22,500 ಎಕರೆ, ಅಂದ್ರ ಸುಮಾರು 9,100 ಹೆಕ್ಟೇರ್. ನಮ್ಮ ಕಂಪೌಂಡ್ 110 ಎಕರೆ. ಆ ಎರಡು ಸಂಖ್ಯೆ ಒಂದರ ಕೆಳಗ ಒಂದು ಬರದು ಸಾಹೇಬರ ಮುಂದ ಇಟ್ನಿ. ಅವರು ಭಾಳ ಹೊತ್ತು ನೋಡಿದ್ರು. “ಹಂಗಂದ್ರ ಇಷ್ಟ ವರ್ಷ ನಾವು ಬರೇ 110 ಎಕರೇದ್ದ ವರದಿ ಕೊಟ್ಟೀವೇನು?” ಅಂದ್ರು. ಹೌದ್ರಿ ಸರ ಅಂದ್ನಿ.

ಪರಿಣಾಮಗಳನ್ನ ಹೆಂಗ ಜೋಡಸಬೇಕು ಅಂತ ತಿಳೀದಾಗ ಟಿಳಕವಾಡಿ ಸರ್ ಖಾಸಗಿ ಸಂದೇಶದಾಗ ದಾರಿ ತೋರಿಸಿದ್ರು. 2019ರ ಐಪಿಬಿಇಎಸ್ (ಜೀವವೈವಿಧ್ಯದ ಬಗ್ಗೆ ದೇಶಗಳ ವಿಜ್ಞಾನ ವೇದಿಕೆ) ಜಾಗತಿಕ ವರದಿಯೊಳಗ ನಿಸರ್ಗ ಕುಗ್ಗಾಕ ಐದು ನೇರ ಕಾರಣ ಹೇಳ್ಯಾರಂತ: ಭೂಮಿ ಮತ್ತ ಸಮುದ್ರದ ಬಳಕೆ ಬದಲಾಗೋದು, ಜೀವಿಗಳನ್ನ ನೇರ ಹಿಡಿಯೋದು-ಕಡಿಯೋದು, ಹವಾಮಾನ ಬದಲಾವಣೆ, ಮಾಲಿನ್ಯ, ಹೊರಗಿಂದ ಬಂದು ಹಬ್ಬೋ ಜೀವಿಗಳು. ಆ ಐದರ ಮುಂದ ನಮ್ಮದು ನಮ್ಮ ಮಾತಿನ್ಯಾಗ ಬರದ್ನಿ. ಜಮಖಂಡಿ ಅಣ್ಣಾರ ಬಿಳಿಜೋಳ, ಸವಳು-ಜವಳು ಎರಡೂ ಮೊದಲನೇದಕ್ಕ ಬಂದ್ವು. ನದಿಯಿಂದ ಎತ್ತೋ ನೀರನ್ನ ವರ್ಷದ ಒಟ್ಟು ಅಂತ ಬರೀದ ತಿಂಗಳವಾರು ಬರದ್ನಿ, ಯಾಕಂದ್ರ ಮಾಸ್ತರು ಹೇಳಿದ್ಹಂಗ ಫೆಬ್ರುವರಿಯ ನೀರು ಆಗಸ್ಟಿನ ನೀರಿನಂಗ ಅಲ್ಲ. ಹೊರಗಿನ ಜೀವಿಗಳ ಮುಂದ ಏನೂ ಇಲ್ಲ ಅಂತ ಬರಿಯಾಕ ಹೊಂಟಿದ್ನಿ, ಆಮ್ಯಾಲೆ ಕೇನ್ ಯಾರ್ಡ್ ಹಿಂದಿನ ಕಾಂಗ್ರೆಸ್ ಕಸ, ನಾಲಾ ದಂಡಿಯ ಬಳ್ಳಾರಿ ಜಾಲಿ ಕಣ್ಣಿಗೆ ಬಂದ್ವು.

ಕಡೀಗೆ ಕಾಲಂನಾಗ ಹಾಕಿದ್ದು ಹಿಂಗೈತಿ:

“ನಮ್ಮ ಘಟಕ ಅಭಯಾರಣ್ಯದೊಳಗೆ ಇಲ್ಲ. ಯಡಹಳ್ಳಿ ಚಿಂಕಾರ ಅಭಯಾರಣ್ಯದ ಅಂಚಿನಿಂದ ನೇರ ದೂರ 11 ಕಿ.ಮೀ. ನಮ್ಮ ಕಬ್ಬು ಸುಮಾರು 9,100 ಹೆಕ್ಟೇರಿನಿಂದ ಬರುತ್ತದೆ; 62 ಹಳ್ಳಿಗಳಲ್ಲಿ 7 ಅಭಯಾರಣ್ಯಕ್ಕೆ ಹೊಂದಿಕೊಂಡಿವೆ, ನಕಾಶೆ ಲಗತ್ತಿಸಿದೆ. ನಮ್ಮ ಮುಖ್ಯ ಪರಿಣಾಮ ಕಬ್ಬಿನ ಹೊಲದಲ್ಲಿ ಮತ್ತು ಬೇಸಿಗೆಯ ಘಟಪ್ರಭೆಯಲ್ಲಿದೆ, ಕಂಪೌಂಡಿನೊಳಗಲ್ಲ. ಕಟಾವಿನ ವೇಳೆ ಕಾಡಬೆಕ್ಕಿನ ಮರಿಗಳು ಸಿಕ್ಕ ಒಂದು ಪ್ರಸಂಗ ದಾಖಲಾಗಿದೆ. ಜೀವಿಗಳ ನಿಯಮಿತ ಎಣಿಕೆ ಈವರೆಗೆ ಮಾಡಿಲ್ಲ. ಈ ತಿಂಗಳಿಂದ ಮೂರು ಜಾಗಗಳಲ್ಲಿ ಆರಂಭಿಸುತ್ತಿದ್ದೇವೆ. ಗಿಡ ನೆಟ್ಟ ಸಂಖ್ಯೆಯನ್ನು ಇಲ್ಲಿ ಕೊಟ್ಟಿಲ್ಲ, ಅದು ಧೂಳು ನಿಯಂತ್ರಣದ ಶೀರ್ಷಿಕೆಯಲ್ಲಿದೆ.”

‘ಎಣಿಕೆ ಮಾಡಿಲ್ಲ’ ಅನ್ನೋ ಸಾಲು ತಗಿ ಅಂದ್ರು ಸಾಹೇಬ್ರು. ಅದು ಹೋದ್ರ ಮುಂದಿನ ವರ್ಷ ಏನು ಹೆಚ್ಚಾತು, ಏನು ಕಡಿಮಿ ಆತು ಅಂತ ಹೆಂಗ ಹೇಳೋದ್ರಿ ಅಂದ್ನಿ. ಉಳೀತು. ರವದಿ ಮಷಿನ್ ಮಾತು ಆಡಳಿತ ಮಂಡಳಿ ಸಭಾದಾಗ ಇಡ್ತೀನಿ ಅಂದಾರ. ಹತ್ತಕ್ಕ ಒಪ್ಪಂಗಿಲ್ಲ, ಎರಡು ಕೊಟ್ರೂ ಮೊದಲ ಆ ಏಳು ಹಳ್ಳಿಗೆ ಕಳಸಬೇಕು ಅಂತ ಬರದು ಕೊಟ್ಟೀನಿ. ಕಡಿಯೋ ಗ್ಯಾಂಗಿನವರಿಗೆ, ಮರಿ ಸಿಕ್ರ ಚೀಲದಾಗ ಹಾಕಬ್ಯಾಡ್ರಿ, ಅಲ್ಲೇ ಬಿಟ್ಟು ಆ ಸಾಲು ಸಂಜೀಮಟ ಬಿಡ್ರಿ ಅಂತ ಹೇಳೋದು ಫೀಲ್ಡ್‌ಮನ್‌ಗಳೇ ಹಿಡದಾರ. ಅದಕ್ಕ ರೊಕ್ಕ ಬೇಕಿಲ್ಲ.

ಮಾಸ್ತರ, ಜಾಕ್‌ವೆಲ್ ಹತ್ರ ಮೊದಲನೇ ಎಣಿಕೆ ನಿನ್ನೆ ಮಾಡಿದ್ನಿ. ಅರ್ಧ ತಾಸಿನ್ಯಾಗ ಒಂಬತ್ತು ಜಾತಿ ಗುರುತು ಸಿಕ್ವು. ಹತ್ತನೇದು ಗೊತ್ತಾಗ್ಲಿಲ್ಲ: ಪಾರಿವಾಳಕ್ಕಿಂತ ಸಣ್ಣದು, ಮರಳಿನ ಬಣ್ಣ, ಕುಂತ್ರ ಕಲ್ಲಿನಂಗ, ಹಾರಿದ್ರ ಕವಲತೋಕೆ ಹಕ್ಕಿಯಂಗ ರೆಕ್ಕಿ. ಎಂಟು ಇದ್ವು, ನಡುಗಡ್ಡಿ ಬಿಟ್ಟು ಹೋಗ್ಲಿಲ್ಲ. ಫೋಟೋ ಮಸಕಾಗೇತಿ. ಈ ಭಾನುವಾರ ಮುಂಜಾನೆ ನೀವು ಬಿಡುವಿದ್ರ ಬರ್ತೀರೇನು? ಆರಕ್ಕ ಬೀಳಗಿ ಬಸ್ ನಿಲ್ದಾಣದ ಮುಂದ ಸ್ಕೂಟಿ ತಗೊಂಡು ನಿಂತಿರ್ತೀನಿ.